ಕಡವೆಯ ಹಣೆಗೆ ಕುಂಕುಮ

ಕೊಂಬಿನ ತುದಿಗೂ ಅತ್ತೆಯ ಕುತ್ತಿಗೆಗೂ ನಡುವೆ ಒಂದು ಗೇಣು ಜಾಗವಿತ್ತು. ಅಷ್ಟೂ ಇರಲಿಲ್ಲವೇನೋ. ಪಾತ್ರೆ ತೊಳೆಯುವಾಗ, ಟ್ರೇನಿನಲ್ಲಿ ಕೂತಾಗ, ಯಾರೋ ಏನೋ ಕೇಳಿ ನಾನು ಉತ್ತರ ಕೊಡಬೇಕಾದಾಗ ಆ ಜಾಗವನ್ನು ಮತ್ತೆ ಅಳೆಯುತ್ತೇನೆ. ಒಂದೊಂದು ಸಲ ಅದು ನಾಲ್ಕು ಬೆರಳಿಗೆ ಇಳಿಯುತ್ತದೆ.

ಮೆಲ್ಬರ್ನ್‌ನ ಅಂಚಿನ ಕ್ರೇಗಿಬರ್ನ್‌ನಲ್ಲಿದ್ದ ಮನೆ ಮಾರಿ, ನಗರದಿಂದ ಒಂದೂವರೆ ಗಂಟೆ ದೂರದ ಬೆಟ್ಟದ ಬುಡದಲ್ಲಿ ಹತ್ತು ಎಕರೆ ಕೊಂಡು ನಾವು ಬಂದು ಮೂರು ವರ್ಷವಾಯಿತು. ಬೆಳಗ್ಗೆ ಬಾಗಿಲು ತೆಗೆದರೆ ಕಾಂಗರೂಗಳು ಎದ್ದು ನಿಂತು ನಮ್ಮನ್ನೇ ಹೊಸಬರಂತೆ ನೋಡುತ್ತವೆ. ವೊಂಬ್ಯಾಟ್ ಎಂಬ ಕುಳ್ಳಗಾಲಿನ ದಪ್ಪ ಪ್ರಾಣಿಯೊಂದು ನೀರಿನ ಟ್ಯಾಂಕಿನ ಬುಡವನ್ನೇ ತೋಡಿ ಬಿಲ ಮಾಡಿಕೊಂಡಿದೆ. ಇವೆಲ್ಲದರ ನಡುವೆ ನಮ್ಮ ಜೊತೆಗೇ ಇರುವ ಅತ್ತೆಯ ಮನಸ್ಸು ಹೋದದ್ದು ಒಂದು ಗಂಡು ಕಡವೆಯ ಮೇಲೆ.

ಕಡವೆ ಈ ನೆಲದ್ದಲ್ಲ. ಹಿಂದೆ ಬಿಳಿಯರು ಬೇಟೆಯ ಶೋಕಿಗೆ ನಮ್ಮ ಕಡೆಯಿಂದ ಹಡಗಿನಲ್ಲಿ ತಂದು ಬಿಟ್ಟಿದ್ದು. ಈಗ ಕಾಡು ಹಾಳುಮಾಡುವ ಪ್ರಾಣಿ ಎಂದು ಎಲ್ಲರೂ ಬೈಯುತ್ತಾರೆ. ಪ್ರಾಣಿಶಾಸ್ತ್ರದಲ್ಲಿ ಡಿಗ್ರಿ ಮಾಡಿದ ಜಂಬದಲ್ಲಿ ಇದನ್ನೆಲ್ಲ ಅತ್ತೆಗೆ ಹೇಳಿದವಳು ನಾನೇ.

“ಹಾಗಾದ್ರೆ ನಮ್ಮೂರಿಂದೇ ಅನ್ನು. ನಿಮಗಿಂತ ಮುಂಚೆ ಇಲ್ಲೇ ನೆಲೆಸೋಕೆ ಪಿಆರ್ ತಗೊಂಡಿದೆ ನೋಡು,” ಅಂದರು.

ಮೈಸೂರಿನ ಮನೆಯಲ್ಲಿ ಅತ್ತೆ ಮೊದಲ ತುತ್ತನ್ನು ಹಸುವಿಗೆ ಕೊಡದೆ ಉಂಡವರಲ್ಲ. ಕ್ರೇಗಿಬರ್ನ್‌ನಲ್ಲಿ ಹಸು ಎಲ್ಲಿಂದ ಬರಬೇಕು? ಆ ಕೊರಗು ಇಲ್ಲಿ ತೀರಿತು. ಶುಕ್ರವಾರ ಶುಕ್ರವಾರ ಅನ್ನ, ಬೆಲ್ಲ, ಬಾಳೆಹಣ್ಣು ತಟ್ಟೆಯಲ್ಲಿಟ್ಟು ಬೇಲಿಯಾಚೆ ಚಾಚುತ್ತಿದ್ದರು. ಮೊದಮೊದಲು ದೂರ ನಿಂತು ಮೂಸುತ್ತಿದ್ದ ಕಡವೆ ಆರು ತಿಂಗಳಲ್ಲಿ ಕೈಯಿಂದಲೇ ತಿನ್ನತೊಡಗಿತು. ಮನುಷ್ಯರ ಭಯ ಕಳೆದುಕೊಂಡ ಕಾಡುಪ್ರಾಣಿ ಎಷ್ಟು ಅಪಾಯ ಎಂದು ನನಗೆ ಗೊತ್ತಿತ್ತು. ಒಮ್ಮೆ ಹೇಳಿದೆ. ಅವರ ಮುಖ ಸಪ್ಪಗಾಯಿತು. ಮತ್ತೆ ಹೇಳಲಿಲ್ಲ.

ಬಲಿಪಾಡ್ಯಮಿಯ ದಿನ ಗೋಪೂಜೆ. ಅತ್ತೆ ಎಣ್ಣೆನೀರು ಹಾಕಿಕೊಂಡು, ರೇಷ್ಮೆ ಸೀರೆಯ ಮೇಲೆ ಕಾರ್ಡಿಗನ್ ತೊಟ್ಟು, ಕುಂಕುಮ ಅಕ್ಷತೆಯ ತಟ್ಟೆ ಹಿಡಿದು ಗೇಟು ದಾಟಿದರು. ನಾನು ಅಂಗಳದಲ್ಲಿ ಬೆಡ್‌ಶೀಟ್ ಒಣಗಿಸುತ್ತಿದ್ದೆ. ಕಡವೆ ಬಂತು, ಬಾಳೆಹಣ್ಣು ತಿಂದಿತು. ಅತ್ತೆ ಬೆರಳನ್ನು ಕುಂಕುಮದಲ್ಲಿ ಅದ್ದಿ ಅದರ ಹಣೆಯತ್ತ ನೀಡಿದರು. ಹಸು ಆಗಿದ್ದರೆ ಕಣ್ಣು ಮುಚ್ಚಿ ನಿಲ್ಲುತ್ತಿತ್ತು. ಕೊಂಬುಗಳ ನಡುವೆ ಕೈ ಬಂದದ್ದು ಕಡವೆಗೆ ಕಾಳಗದ ಕರೆಯಾಗಿ ಕಂಡಿರಬೇಕು. ಮುಂಗಾಲನ್ನು ನೆಲಕ್ಕೆ ಕುಟ್ಟಿತು.

“ಹೆದರ್ಬೇಡ್ವೋ, ಹಬ್ಬ ಕಣೋ,” ಅಂದರು ಅತ್ತೆ.

ಅದರ ತಲೆ ತಗ್ಗಿತು. ಕೊಂಬು ಕಾರ್ಡಿಗನ್‌ನ ತೋಳಿಗೆ ಸಿಕ್ಕಿ ಅತ್ತೆಯನ್ನು ಎತ್ತಿತು. ಎಪ್ಪತ್ತೊಂದು ವರ್ಷದ ಹೆಂಗಸಿನ ಎರಡೂ ಪಾದಗಳು ನೆಲ ಬಿಟ್ಟಿದ್ದನ್ನು ನಾನು ಕಂಡೆ. ಬಟ್ಟೆ ಹರಿದು ಕೆಳಗೆ ಬಿದ್ದರು. ಅದು ಮತ್ತೆ ತಲೆ ಬಗ್ಗಿಸಿತು. ಆ ಒಂದು ಗೇಣು ಕಂಡದ್ದು ಆಗಲೇ. ಕೈಲಿದ್ದ ಒದ್ದೆ ಬೆಡ್‌ಶೀಟನ್ನು ಬೀಸುತ್ತ ಓಡಿದೆ, ಎಸೆದೆ. ಅದು ಕೊಂಬಿಗೆ ಸುತ್ತಿಕೊಂಡಿತು. ಹೂವಿನ ಚಿತ್ತಾರದ ನಮ್ಮ ಬೆಡ್‌ಶೀಟ್ ಹೊತ್ತುಕೊಂಡೇ ಕಡವೆ ಕಾಡಿಗೆ ನುಗ್ಗಿತು.

ಅತ್ತೆಯ ಎಡಗೈ ಮಣಿಕಟ್ಟು ಮುರಿದಿತ್ತು.

ಮೂರನೆಯ ದಿನ ನನ್ನ ಗಂಡನ ಅಕ್ಕ ಸಿಡ್ನಿಯಿಂದ ಬಂದಿಳಿದರು. ಬ್ಯಾಗು ಕೆಳಗಿಡುವ ಮೊದಲೇ ಶುರುಮಾಡಿದರು. “ಪ್ಯಾರಮಟ್ಟಾದಲ್ಲಿ ನಮ್ಮದು ಒಂಬತ್ತನೇ ಫ್ಲೋರು. ಲಿಫ್ಟ್ ಇದೆ, ಕೆಳಗೇ ಇಂಡಿಯನ್ ಅಂಗಡಿ. ಅಮ್ಮಂಗೂ ಟಿಕೆಟ್ ಬುಕ್ ಮಾಡಿದೀನಿ. ನಾಳೆ ಹೊರಡೋದೇ.”

“ಅಕ್ಕ ಹೇಳೋದು ಕರೆಕ್ಟು,” ಅಂದರು ನನ್ನವರು, ನೆಲ ನೋಡುತ್ತ. “ಈ ಜಾಗಾನೂ ಮಾರಿಬಿಡೋಣ.”

“ಒಂಬತ್ತನೇ ಫ್ಲೋರಲ್ಲಿ ಕೂರಕ್ಕೆ ನಾನೇನು ಪಾರಿವಾಳಾನಾ?” ಅಂದರು ಅತ್ತೆ, ಪ್ಲಾಸ್ಟರ್ ಹಾಕಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು.

“ತಮಾಷೆ ಅಲ್ಲಮ್ಮ. ಅದು ನಿನ್ನ ಸಾಯಿಸ್ತಿತ್ತು!”

“ಸಾಯಿಸ್ಲಿಲ್ವಲ್ಲ. ಪಾಡ್ಯ ಅಂತ ಅದಕ್ಕೇನೇ ಗೊತ್ತು? ತಪ್ಪು ನಂದು, ತಿದ್ಕೋತೀನಿ. ಮನೆ ಬಿಟ್ಟು ಬರಲ್ಲ.”

ಅತ್ತಿಗೆ ನನ್ನತ್ತ ತಿರುಗಿದರು. “ಕಣ್ಣಾರೆ ನೋಡಿದವಳು ನೀನು. ನೀನಾದ್ರೂ ಹೇಳೇ.”

ಕರೆದುಕೊಂಡು ಹೋಗಿ ಎನ್ನಬೇಕೆಂದೇ ನಾನು ಬಾಯಿ ತೆರೆದಿದ್ದೆ. ಹಬ್ಬದ ದಿನದಿಂದ ನಿದ್ದೆ ಇರಲಿಲ್ಲ. ಆದರೆ ಕಿಟಕಿಯಾಚೆಗಿನ ಬಯಲನ್ನು ಅತ್ತೆ ನೋಡುತ್ತಿದ್ದ ರೀತಿ ಕಂಡು ನನಗೆ ಸಿಟ್ಟು ಬಂತು. ನಾವು ಹೆದರಿದ್ದಕ್ಕೆ ಇವರನ್ನು ಕೂಡಿಹಾಕುವುದೇ?

“ಅತ್ತೆ ಎಲ್ಲೂ ಬರಲ್ಲ, ಅತ್ತಿಗೆ.”

“ನಾಳೆ ಏನಾದ್ರೂ ಆದ್ರೆ ಯಾರೇ ಜವಾಬ್ದಾರಿ?”

“ನಾನು. ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೆ. ಇನ್ನು ಮುಚ್ಕೊಳಲ್ಲ.” ಅತ್ತೆಯ ಕಡೆ ತಿರುಗಿದೆ. “ಇವತ್ತಿಂದ ಹೊರಗೆ ಒಂದು ಅಗುಳೂ ಹೋಗೋ ಹಾಗಿಲ್ಲ. ಕಡವೆಗೂ ಇಲ್ಲ, ಕಾಂಗರೂಗೂ ಇಲ್ಲ.”

ಸಿಡ್ನಿಗೆ ಹೋಗುವುದಕ್ಕಿಂತ ಇದೇ ಅತ್ತೆಗೆ ಕಷ್ಟವಾಗಿತ್ತು. “ಮೊದಲ ತುತ್ತು ಯಾರಿಗೂ ಕೊಡದೆ ಹೆಂಗೇ ಉಣ್ಣಲಿ?”

“ನಂಗೆ ಕೊಡಿ.”

“ನೀನೇನು ಹಸುವಾ? ಹಾಯೋ ಎಮ್ಮೆ ನೀನು,” ಅಂದರು. ಅತ್ತಿಗೆಗೂ ನಗು ತಡೆಯಲಾಗಲಿಲ್ಲ. ಮಾರನೆಯ ದಿನ ಅವರೊಬ್ಬರೇ ವಿಮಾನ ಹತ್ತಿದರು, ದಿನಾ ಫೋನು ಮಾಡಬೇಕೆಂದು ನನ್ನಿಂದ ಮಾತು ತೆಗೆದುಕೊಂಡು.

ಮನೆಯ ಸುತ್ತ ಆಳೆತ್ತರಕ್ಕಿಂತ ಎತ್ತರದ ಬೇಲಿ ಹಾಕಿಸಿದೆವು. ಪಕ್ಕದ ಜಮೀನಿನ ಮುದುಕ ಬಂದೂಕು ತರಲೇ ಎಂದು ಕೇಳಿದ. ಸದ್ಯಕ್ಕೆ ಬೇಡ ಎಂದೆ. ಮುಂದಿನ ಶುಕ್ರವಾರ ಕಡವೆ ಬಂದೇ ಬಂತು, ಯಥಾಪ್ರಕಾರ ಅದೇ ಹೊತ್ತಿಗೆ. ಅತ್ತೆಯನ್ನು ಒಳಗೇ ಇರಲು ಹೇಳಿ, ಬೇಲಿಯ ಈಚೆ ನಿಂತು ತಗಡಿನ ಡಬ್ಬ ಬಡಿದೆ. ಅದು ಕದಲಲಿಲ್ಲ. ಇನ್ನೂ ಜೋರಾಗಿ ಬಡಿದೆ, ಕೂಗಿದೆ, ಬಾಯಿಗೆ ಬಂದ ಹಾಗೆ ಬೈದೆ. ಬಹಳ ಹೊತ್ತಿನ ಮೇಲೆ ಅದು ತಿರುಗಿ, ಅವಸರವೇನೂ ಇಲ್ಲದೆ, ಮರಗಳ ಕಡೆ ನಡೆಯಿತು. ಅದರ ಬೆನ್ನು ಪೂರ್ತಿ ಮರೆಯಾಗುವವರೆಗೂ ನಾನು ಅಲ್ಲಿಂದ ಅಲುಗಲಿಲ್ಲ.