ಬೆನ್ನಕ್ಕನ ಕೈಗುಣ
ಬೆನ್ನಕ್ಕನ ಬಗ್ಗೆ ಹೇಳಲೇಬೇಕು, ಯಾಕೆಂದರೆ ಅವಳ ಮಾಲೀಸಿನ ಮಂಚದಿಂದ ಎದ್ದುಬಂದವರು ಯಾರೂ ಬೆನ್ನು ಗೂನು ಮಾಡಿಕೊಂಡು ನಡೆದದ್ದಿಲ್ಲ. ಮೈ ನೀವಿ ನಿಲುವು ಸರಿಮಾಡುವುದೇ ಅವಳ ಕಸುಬು. ಬಂದವರ ಮುಖ ನೋಡುವ ಮೊದಲು ಅವರು ಬಾಗಿಲಲ್ಲಿ ಬಿಟ್ಟ ಚಪ್ಪಲಿ ಮಗುಚಿ, ಯಾವ ಕಡೆ ಸವೆದಿದೆ ಎಂದು ನೋಡುತ್ತಾಳೆ. ಆಮೇಲೆ ಭುಜದ ಮೇಲೆ ಕೈಯಿಟ್ಟು, "ಏನಣ್ಣ, ಕುತ್ತಿಗೆ ಮುಂದೆ ಹೋಗ್ತಿದೆ, ನೀನು ಹಿಂದೆ ಬರ್ತಿದ್ದೀಯ. ಇಬ್ರೂ ಒಟ್ಟಿಗೆ ಬರ್ಬಾರ್ದಾ?" ಅನ್ನುತ್ತಾಳೆ. ಅವರು ನಕ್ಕು ಮೈ ಸಡಿಲಬಿಟ್ಟಾಗಲೇ ಅವಳ ಹೆಬ್ಬೆರಳು ಕೆಲಸ ಶುರುಮಾಡುವುದು. ಬೀದಿಯಲ್ಲೂ ಸುಮ್ಮನಿರುವವಳಲ್ಲ, ಒಮ್ಮೆ ಬಸ್ಸಿಗೆ ಕಾಯುತ್ತಿದ್ದ ಪೊಲೀಸಪ್ಪನ ಭುಜವನ್ನೇ ಹಿಂದಕ್ಕೆಳೆದಳು. ಬೈಯಲು ತಿರುಗಿದವನು, "ಈ ಕಡೇದೂ ನೋಡಕ್ಕ" ಅಂದ. ಅವಳಿಂದ ಸರಿಮಾಡಲಾಗದ್ದು ಒಂದೇ ಬೆನ್ನು, ಅವಳ ಅಮ್ಮನದು. ಮೂಳೆ ಸವೆದು ಬಾಗಿದ ಅದನ್ನು ಎಳೆದರೆ ಮುರಿದೀತು ಎಂದು ಅವಳಿಗೆ ಗೊತ್ತು. ಅಮ್ಮನಿಗೆ ಈಗ ನೆಲ ಬಿಟ್ಟರೆ ಬೇರೇನೂ ಕಾಣದು. ಅದಕ್ಕೇ ಸಂಜೆ ಕೆಲಸ ಮುಗಿಸಿದ ಮೇಲೆ ಬೆನ್ನಕ್ಕ ಅಮ್ಮನ ಕುರ್ಚಿಯ ಮುಂದೆ ನೆಲದ ಮೇಲೆ ಅಂಗಾತ ಮಲಗಿ ದಿನದ ಸುದ್ದಿಯನ್ನೆಲ್ಲ ಹೇಳುತ್ತಾಳೆ. "ಏಳೇ, ಥಂಡಿ ಹತ್ತುತ್ತೆ" ಅನ್ನುತ್ತಾಳೆ ಅಮ್ಮ. "ಇರಮ್ಮ, ನೀನು ನಗೋದು ಇಲ್ಲಿಂದ್ಲೇ ಕಾಣೋದು" ಅನ್ನುತ್ತಾಳೆ ಇವಳು. ನಿಮಗೆ ಬೆನ್ನುನೋವು ಇಲ್ಲದಿದ್ದರೂ ಒಂದು ಸಂಜೆ ಹೋಗಿಬನ್ನಿ. ಅಮ್ಮನನ್ನು ಮಾತಾಡಿಸುವಾಗ ಮಾತ್ರ ದಯವಿಟ್ಟು ನೆಲದ ಮೇಲೆ ಕೂತುಕೊಳ್ಳಿ.