ಎರಡು ಮಾತಿಗೂ ಹೂಂ

ಇಳಕಲ್ಲಿನ ಓಣಿಯಲ್ಲಿ ಬೆಳಕು ಹರಿಯುವ ಹೊತ್ತಿಗೇ ಮಗ್ಗದ ಸದ್ದು ಎದ್ದಿದೆ. ನೇಕಾರ್ತಿ ಸಿದ್ದವ್ವನ (ಹೆಸರು ಬದಲಿಸಿದ್ದೇನೆ) ಮಗ್ಗದ ಪಕ್ಕ ಶಿವಗಂಗಾ ಚಹಾ ಕುಡಿಯುತ್ತ ಕುಳಿತಿದ್ದಾರೆ. ಬಗಲಲ್ಲಿ ರವಿಕೆ ಖಣದ ಗಂಟು. ಓಣಿಯವರಿಗೆ ಅವರು ಖಣ ಮಾರುವವರು. ಮೊದಲು ಮಾಡುತ್ತಿದ್ದದ್ದೂ ಅದನ್ನೇ.

ಈಗಿನ ಕೆಲಸ ಬೇರೆ. ಸ್ತನ ಕ್ಯಾನ್ಸರ್ ಮರುಕಳಿಸದಂತೆ ಕೆಲವು ಹೆಂಗಸರು ಐದು ವರ್ಷ, ಕೆಲವರು ಇನ್ನೂ ಹೆಚ್ಚು ಕಾಲ (ಎರಡು ಸಲ ಕೇಳಿ ಬರೆದುಕೊಂಡಿದ್ದೇನೆ) ಹಾರ್ಮೋನಿನ ಗುಳಿಗೆ ನುಂಗಬೇಕು. ಆ ಗುಳಿಗೆಯ ಬಗ್ಗೆ ಅವರ ನಂಬಿಕೆ ಎಂಥದು ಎಂದು ಬಾಗಲಕೋಟೆಯ ಆಸ್ಪತ್ರೆಯೊಂದರ ಅಧ್ಯಯನಕ್ಕಾಗಿ ಅಳೆಯುವುದು ಶಿವಗಂಗಾ ಅವರ ಕೆಲಸ. ಹುನಗುಂದದಿಂದ ಬಸ್ಸು ಹಿಡಿದು ದಿನಕ್ಕೆ ನಾಲ್ಕೈದು ಮನೆ ಸುತ್ತುತ್ತಾರೆ. ಕಾಯಿಲೆಯ ಹೆಸರು ನೆರೆಮನೆಗೆ ಕೇಳಬಾರದು ಎನ್ನುವವರೇ ಹೆಚ್ಚು, ಅದಕ್ಕೇ ಗಂಟು. ಇದನ್ನು ಬರೆದರೆ ತೊಂದರೆಯಾಗದೇ ಎಂದು ನಾನು ಅಳುಕಿದರೆ, "ಬರೀರಿ, ನಾಳೆ ಬಳಿ ಮಾರ್ತೇನಿ" ಎಂದು ನಗುತ್ತಾರೆ.

ಆಸ್ಪತ್ರೆ ಕೊಟ್ಟ ಪಟ್ಟಿಯ ಒಂದೊಂದು ಮಾತು ಓದಿ, ಎಷ್ಟು ಒಪ್ಪುತ್ತೀರಿ ಎಂದು ಕೇಳಬೇಕು. ಮೊದಮೊದಲು ಹೆಂಗಸರದು, ಗುಳಿಗೆ ನನ್ನನ್ನು ಕಾಯುತ್ತದೆ ಎಂದರೂ ಹೂಂ, ಗುಳಿಗೆಯಿಂದ ಕೆಡುಕೇ ಹೆಚ್ಚು ಎಂದರೂ ಹೂಂ.

"ಮನಿಗೆ ಬಂದಾಕಿಗೆ ಇಲ್ಲ ಅಂತ ಹ್ಯಾಂಗ ಅನ್ನೂದು ಅಂತಿದ್ರು. ಬಾಯಾಗ ಹೂಂ, ಗುಳಗಿ ಡಬ್ಬ್ಯಾಗ," ಎನ್ನುತ್ತಾರೆ ಶಿವಗಂಗಾ.

ಅಧ್ಯಯನ ನಡೆಸುವ ಡಾಕ್ಟರ್ ಪ್ರಾಚಿಯವರನ್ನು ಒಪ್ಪಿಸಿ ಶಿವಗಂಗಾ ಕೇಳುವ ರೀತಿ ಬದಲಿಸಿದರು. ಈಗ ಪಟ್ಟಿಯ ಮಾತುಗಳೆಲ್ಲ ಎಲ್ಲೂ ಇಲ್ಲದ ಗುರುಲಿಂಗವ್ವನ ಬಾಯಲ್ಲಿ: ಆಕೆ ಹೀಗಂತಾಳೆ, ನೀವೇನಂತೀರಿ? ಬಾದಾಮಿಯಲ್ಲೊಬ್ಬರು, "ಕರಕೊಂಡ ಬಾ ಆಕಿನ್ನ" ಎಂದು ಸೆರಗು ಸಿಕ್ಕಿಸಿದ್ದರಂತೆ.

ಸಿದ್ದವ್ವನ ಸಂಗತಿ ಹೊರಬಿದ್ದದ್ದೂ ಹೀಗೆಯೇ. ಗುಳಿಗೆಯಿಂದ ತ್ರಾಸೇ ಇಲ್ಲ ಅಂತಾಳೆ ಗುರುಲಿಂಗವ್ವ, ಎಂದಾಗ ಸಿದ್ದವ್ವ ಸಿಡುಕಿದರು: "ಆಕಿ ಮಗ್ಗಕ್ಕ ಕೂತಾಳೇನು? ಗುಳಗಿ ನುಂಗಿದ್ರ ನನ್ನ ಬೆರಳ ಮಡಚಾಕ ಬರೂದಿಲ್ಲ. ಗುಳಗಿ ಬಿಟ್ಟ ಎರಡ ತಿಂಗಳಾತು."

ಹಾಗೆ ಬಿಟ್ಟರೆ ಕಾಯಿಲೆ ಮರಳುವ ಭಯ. ಶಿವಗಂಗಾ ಅಂದೇ ಅವರಿಂದ ಪ್ರಾಚಿಯವರಿಗೆ ಫೋನು ಮಾಡಿಸಿದರು. ಡಾಕ್ಟರ್ ಕರೆಸಿ ನೋಡಿ ಬೇರೆ ಗುಳಿಗೆ ಬರೆದರು.

ಇಂದು ಮತ್ತೆ ಕೇಳುವ ಸರದಿ. ಸಿದ್ದವ್ವ ಲಾಳಿ ನಿಲ್ಲಿಸುವುದಿಲ್ಲ. "ಬೆರಳು ಸಡಲ ಆಗ್ಯಾವ. ದಿನಾ ನುಂಗ್ತೇನಿ. ಆದ್ರ ಅದರ ಮ್ಯಾಲ ಪೂರಾ ನಂಬಿಗಿ ಇಲ್ಲ ನೋಡವಾ, ಹಂಗ ಬರಕೋ."

ಶಿವಗಂಗಾ ಹಾಗೆಯೇ ಬರೆದುಕೊಳ್ಳುತ್ತಾರೆ. ಅಧ್ಯಯನದಲ್ಲಿ ನಿಮ್ಮ ಹೆಸರು ಬರುತ್ತದೆಯೇ ಎಂದು ಬಾಗಿಲಲ್ಲಿ ಶಿವಗಂಗಾ ಅವರನ್ನು ಕೇಳುತ್ತೇನೆ.

"ಯಾರಿಗ್ಗೊತ್ತು. ಆದ್ರ ಈಗ ಹೆಣ್ಮಕ್ಕಳು ನನ್ನ ಮುಂದ 'ಇಲ್ಲ' ಅಂತಾರ್ರಿ. ಅಷ್ಟ ಗಳಿಸೇನಿ."