ಮುಂಡಾಸಿನ ದಬ್ಬಣ

ಬಂದರಿನ ಗೋದಾಮುಗಳಲ್ಲಿ ಗೋಣಿ ಹೊಲಿಯುವವರಿಗೆ ಒಂದು ಅಭ್ಯಾಸವಿತ್ತು. ಹೊಲಿಗೆ ಮುಗಿದೊಡನೆ ಆ ದಪ್ಪ ಸೂಜಿಯನ್ನು, ಅಂದರೆ ದಬ್ಬಣವನ್ನು, ಮುಂಡಾಸಿನ ಹಿಂದಿನ ಗಂಟಿಗೆ ಸಿಕ್ಕಿಸಿಕೊಳ್ಳುವುದು. ನನ್ನ ಅಪ್ಪನೂ ಹಾಗೆಯೇ. ಕೆಳಗಿಟ್ಟರೆ ಕಳೆದುಹೋಗುತ್ತದೆ ಎನ್ನುತ್ತಿದ್ದರು. ಐವತ್ತರ ದಶಕದ ಕೊನೆಯಲ್ಲಿ ಒಂದು ಮಧ್ಯಾಹ್ನ, ಅವರು ಹೊತ್ತಿದ್ದ ಮೂಟೆ ತಲೆಯಿಂದ ಹಿಂದಕ್ಕೆ ಜಾರಿ, ದಬ್ಬಣವನ್ನು ಕತ್ತಿನ ಬುಡಕ್ಕೆ ಇಳಿಸಿತು.

ಅಪ್ಪ ಕುದ್ರೋಳಿಯ ಮನೆಗೆ ನಡೆದೇ ಬಂದರು. ನಾನು ಆಗ ನರ್ಸ್, ಅಂದು ರಜೆಯಲ್ಲಿದ್ದೆ. "ಮನೆಯಲ್ಲೇ ನರ್ಸ್ ಇರುವಾಗ ಆಸ್ಪತ್ರೆ ಎಂತಕ್ಕೆ ಮಾರಾಯ್ತಿ?" ಎಂದು ನಕ್ಕರು. ಅರ್ಧ ದಬ್ಬಣ ಹೊರಗೇ ಇತ್ತು. ಬೆನ್ನುಹುರಿಯ ಹತ್ತಿರ ಹೊಕ್ಕದ್ದನ್ನು ಆಪರೇಷನ್ ಟೇಬಲ್ಲಿನ ಮೇಲಲ್ಲದೆ ತೆಗೆಯಬಾರದು. ನನಗೆ ಗೊತ್ತಿದ್ದದ್ದು ಅಷ್ಟೇ. "ಯಾರೂ ಮುಟ್ಟಬೇಡಿ. ಎಳೆದರೆ ಒಳಗೇ ರಕ್ತ ಸೋರಿ ಕೈಕಾಲು ಹೋಗ್ತದೆ" ಎಂದು ಎರಡು ಸಲ ಹೇಳಿ, ಗೋದಾಮಿನ ಸಾಹುಕಾರರ ಕಾರು ಕೇಳಲು ಓಡಿದೆ.

ಕಾರು ತರುವಷ್ಟರಲ್ಲಿ ಅಮ್ಮ ಅದನ್ನು ಎಳೆದಾಗಿತ್ತು. ತೊಳೆದು, ಒರೆಸಿ, ಮತ್ತೆ ಮುಂಡಾಸಿನ ಗಂಟಿಗೇ ಸಿಕ್ಕಿಸಿದ್ದಳು.

"ಒಂದು ಹನಿ ರಕ್ತ ಬರಲಿಲ್ಲ. ನೀನು ಸುಮ್ಮನೆ ಹೆದರಿಸಿದ್ದು."

ನಮ್ಮೆಲ್ಲರ ಕಾಲಿನ ಮುಳ್ಳು ತೆಗೆದ ಕೈ ಅದು. ಅದನ್ನು ಹಿಡಿದು ಅಲ್ಲಾಡಿಸಿ ಕಿರುಚಬೇಕೆನಿಸಿತು. ಕಿರುಚಿ ಯಾರಿಗೇನು ಪ್ರಯೋಜನ?

ಕಾರಿನಲ್ಲಿ ಅಪ್ಪ ಕೇಳಿದರು, "ನನ್ನ ಕಾಲು ಸೀಟಿನ ಮೇಲೆ ಉಂಟಾ, ಕೆಳಗೆ ಉಂಟಾ?"

ಒಳಗೆ ರಕ್ತ ಕಟ್ಟಿ ಹುರಿಯನ್ನು ಒತ್ತುತ್ತಿದೆ ಎಂದರು ಡಾಕ್ಟರು. ಅದನ್ನು ಬಿಡಿಸುವ ಸರ್ಜನ್ ನಮ್ಮ ಊರಿನಲ್ಲಿರಲಿಲ್ಲ. ಮದ್ರಾಸಿನ ರೈಲು ಹತ್ತಿಸಿದರೆ ಕುಲುಕಾಟಕ್ಕೇ ಜೀವ ಹೋದೀತು ಎಂದೂ ಅವರೇ ಹೇಳಿದರು. ಬೆನ್ನು ಹುಣ್ಣಾಗದಂತೆ ಅಪ್ಪನನ್ನು ಮಗ್ಗುಲು ಬದಲಿಸಿ ಮಲಗಿಸುವುದೊಂದೇ ನನಗೆ ಉಳಿದ ಕೆಲಸ. ಅಷ್ಟು ಕಲಿತದ್ದು ಇದಕ್ಕಾ ಎಂದು ನನ್ನ ಮೇಲೆಯೇ ರೇಗುತ್ತಿತ್ತು.

ಅಪ್ಪ ಬದುಕಿದರು, ಮತ್ತೆ ನಡೆಯಲಿಲ್ಲ. ಇಗರ್ಜಿಯಲ್ಲಿ ಭಾನುವಾರದ ಪ್ರಾರ್ಥನೆ ಮುಗಿಸಿ ಯಾರು ನೋಡಲು ಬಂದರೂ ಅಮ್ಮನದು ಒಂದೇ ಮಾತು: "ನಾನು ಆಗಲೇ ತೆಗೆದದ್ದಕ್ಕೆ ಜೀವ ಉಂಟು. ಇವಳು ಬಿಡ್ತಿರಲಿಲ್ಲ."

ಒಂದು ಭಾನುವಾರ ತಡೆಯಲಾರದೆ ಬಾಯಿ ತೆರೆದೆ. ಅಪ್ಪ ಮಲಗಿದಲ್ಲಿಂದಲೇ ನನ್ನತ್ತ ನೋಡಿ, ನನಗಿಂತ ಮೊದಲೇ ಹೇಳಿದರು, "ಹೌದು, ಅವಳೇ ಉಳಿಸಿದ್ದು."

ಎಳೆದರೆ ಏನಾಗುತ್ತದೆಂದು ಅಂದು ನಾನು ಹೇಳಿದ್ದು ಅಪ್ಪನ ಎದುರಿನಲ್ಲೇ.